ಕಾರ್ಡ್ ಹಾಕಿದ ಮೇಲೂ ಮಸುಕು

...ಅಯ್ಯೋ, ಹಾಗೆ ಎತ್ತಬೇಡಿ, ಹಾಗೆ ಎತ್ತಬೇಡಿ! ಮುಚ್ಚಳಕ್ಕೆ ಸ್ಕ್ರೂ ಹಾಕಿಲ್ಲ. ಹಾಂ... ಕೆಳಗಿಂದ ಹಿಡ್ಕೊಳ್ಳಿ. ನಾನೇ ಬಿಚ್ಚಿದ್ದು, ಮನೇಲಿ. ಬಿಚ್ಚೋದೇನೋ ಬಿಚ್ಚಿದೆ, ಮುಚ್ಚೋಕೆ ಬರಲಿಲ್ಲ... ಯಾಕೆ ನಗ್ತೀರಾ? ಓ... 'ಹಿಡ್ಕೊಳ್ಳಿ' ಅಂದದ್ದಕ್ಕಾ? ಇನ್ನೇನು ಅನ್ನಲಿ ಮೇಸ್ತ್ರಿ. ಒಂದೇ ಡಿಪೋದಲ್ಲಿ ಹದಿನೆಂಟು ವರ್ಷ ಹೋಗೋ ಬಾರೋ ಅಂದ್ಕೊಂಡಿದ್ವಿ, ಇಲ್ಲ ಅನ್ನಲ್ಲ. ಆದ್ರೆ ಮುಖ ನೋಡಿ ಒಂಬತ್ತು ವರ್ಷ ಆಯ್ತಲ್ಲ. ಬಾಯಿಗೆ ತಾನಾಗೇ ಬಹುವಚನ ಬಂದ್ಬಿಡ್ತು... ಸರಿ ಸರಿ. ನೀನು. ನೀನೇ. ಆಯ್ತಾ?

ನಿನ್ನ ಅಂಗಡಿ ಅಂತ ಗೊತ್ತೇ ಇರಲಿಲ್ಲ ಕಣೋ, ದೇವರಾಣೆ. ಕಂಪ್ಯೂಟರ್ ರಿಪೇರಿ ಮಾಡ್ತಾರೆ ಅಂತ ಯಾರೋ ಅಂದ್ರು, ಬಂದೆ. ಬಂದು ನೋಡಿದ್ರೆ ನೀನು! ಬಸ್ಸಿನ ಹೊಟ್ಟೆ ಕೆಳಗೆ ಮಲಗಿ, ಹಲ್ಲಲ್ಲಿ ಟಾರ್ಚ್ ಕಚ್ಕೊಂಡಿರ್ತಿದ್ದವನು, ಇಲ್ಲಿ ನೋಡಿದ್ರೆ... ಕೈಗೆ ಒಂದು ಚೂರೂ ಗ್ರೀಸ್ ಇಲ್ಲ. ಚೆನ್ನಾಗಿದೆ. ಚೆನ್ನಾಗಿ ಇಟ್ಕೊಂಡಿದ್ದೀಯ ಅಂಗಡೀನ.

ಕೂರಲಾ? ಈ ಸ್ಟೂಲಿಗೆ ಚಕ್ರ ಇದೆಯಲ್ಲೋ, ಜಾರುತ್ತೆ... ಕೂತೆ, ಕೂತೆ.

ಏನಾಗಿದೆ ಅಂದ್ರೆ... ಇದು ಮಗಳ ಆಫೀಸಿನದು. ಹಳೇ ಸಿಪಿಯು ಎಲ್ಲಾ ಮಾರಿಬಿಟ್ರಂತೆ, ಒಂದು ನನಗೆ ಅಂತ ತಂದಳು. ಸಣ್ಣದು. ನೋಡು, ಡಿಕ್ಷನರಿ ಇಟ್ಟ ಹಾಗಿದೆ. ರಿಟೈರ್ ಆಗಿ ಮೂರು ವರ್ಷ ಆಯ್ತು, ಅಪ್ಪ ಬರೀ ಕಿಟಕಿ ಹತ್ರ ಕೂತಿರ್ತಾನೆ ಅಂತ ಅವಳಿಗೆ ಚಿಂತೆ. ಅದರಲ್ಲಿ ಒಂದು ಆಟ ಹಾಕಿಕೊಟ್ಟಳು. ಬಸ್ ಓಡಿಸೋ ಆಟ... ನಗು, ನಗು ಪರವಾಗಿಲ್ಲ. ನನ್ನ ಹೆಂಡತಿ ಇನ್ನೂ ನಗ್ತಾ ಇದ್ದಾಳೆ. ಟೇಬಲ್ ಮೇಲೆ ಪ್ಲಾಸ್ಟಿಕ್ ಸ್ಟಿಯರಿಂಗು, ನೆಲದ ಮೇಲೆ ಎರಡು ಪೆಡಲ್ಲು. ಚಿತ್ರ ಟೀವೀಲಿ ಬರುತ್ತೆ. ನಾನು ಸೋಫಾದಲ್ಲಿ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂರೋದು, ಅವಳು ಪಕ್ಕದಲ್ಲಿ ಹುರಳಿಕಾಯಿ ನಾರು ತೆಗೀತಾ, 'ಏನ್ರೀ, ಮುಂದಿನ ಸ್ಟಾಪಲ್ಲಿ ನನ್ನ ಇಳಿಸ್ತೀರಾ' ಅನ್ನೋದು.

ಅಲ್ಲ, ಆಟ ಚೆನ್ನಾಗೇ ಇದೆ. ಬಾಗಿಲು ತೆಗೆಯೋ ಸದ್ದು ಕೂಡ ಹಾಗೇ ಇದೆ, ಪುಸ್ ಅಂತ. ಆದ್ರೆ ಚಿತ್ರ ಮಸುಕು ಕಣೋ. ಹತ್ತಿರ ಬರೋವರೆಗೆ ಮುಂದೆ ಏನಿದೆ ಅಂತ ಗೊತ್ತಾಗಲ್ಲ. ತಿರುವು ಕಾಣಲ್ಲ, ಬೋರ್ಡ್ ಕಾಣಲ್ಲ. ಮೊನ್ನೆ ಇವಳು, 'ಕೆಂಪು ದೀಪ ಬಿದ್ದಿದೆಯಲ್ರೀ, ಹೋಗ್ತಾನೇ ಇದ್ದೀರಲ್ಲ' ಅಂದಳು. 'ಈ ಡಬ್ಬಕ್ಕೆ ಶಕ್ತಿ ಇಲ್ಲ ಕಣೇ, ನಾನೇನು ಮಾಡಲಿ' ಅಂದೆ. ಮಗಳಿಗೆ ಫೋನ್ ಮಾಡಿ ಹೇಳಿದೆ. 'ಹೌದಪ್ಪ, ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಹಾಕಿದ್ರೆ ಕನ್ನಡಿ ಹಾಗೆ ಕಾಣುತ್ತೆ' ಅಂತ ಅವಳೇ ಆರ್ಡರ್ ಮಾಡಿಬಿಟ್ಟಳು. ತಗೋ, ಈ ಪೆಟ್ಟಿಗೇಲಿದೆ...

ಗೊತ್ತು. ಗೊತ್ತು, ಹಿಡಿಸಲ್ಲ. ಸ್ಕೇಲ್ ಇಡಬೇಡ, ಲಟ್ಟಣಿಗೆ ಉದ್ದ ಇದೆ ಅದು. ಎರಡು ಫ್ಯಾನ್ ಬೇರೆ. ಮೂರು ಮಧ್ಯಾಹ್ನ ಒದ್ದಾಡಿದ್ದೀನಿ. ಅಡ್ಡ ಇಟ್ಟೆ, ಓರೆ ಇಟ್ಟೆ. ಉದ್ದ ಕೂತ್ರೆ ಎತ್ತರ ಕೂರಲ್ಲ, ಮುಚ್ಚಳ ಬೀಳಲ್ಲ. ಇಲ್ಲ ಇಲ್ಲ, ಸುತ್ತಿಗೆ ಗಿತ್ತಿಗೆ ತಗೊಂಡಿಲ್ಲ, ಅಷ್ಟು ದಡ್ಡ ಅಲ್ಲ... ಅಂದ್ರೆ ತಗೊಂಡೆ. ಹೊಡೀಲಿಲ್ಲ. ಇವಳು ಕಿತ್ಕೊಂಡಳು.

ಏನದು, ಏನು ತೋರಿಸ್ತಿದ್ದೀಯ? ಆ ಕೊಕ್ಕೆನಾ? ಕಾರ್ಡ್ ಕೂರೋ ಸೀಳಿನ ತುದೀಲಿ ಇರೋದಾ... ಅದು ಮೊದಲೇ ಮುರಿದಿತ್ತು. ಆಫೀಸಿನವರೇ ಮುರಿದಿರಬೇಕು. ನಾನು ಮುಟ್ಟೇ ಇಲ್ಲ.

...

ಯಾಕೆ ಹಾಗೆ ನೋಡ್ತೀಯ? ಸರಿ. ನಾನೇ ಮುರಿದದ್ದು. ಒತ್ತಿದೆ, ಟಕ್ ಅಂತು. ಅದಕ್ಕೇನೀಗ, ಸಣ್ಣ ಪ್ಲಾಸ್ಟಿಕ್ ಚೂರು ತಾನೇ? ಕಾರ್ಡ್ ಕೂರುತ್ತೆ ತಾನೇ? ಕೂರುತ್ತಲ್ಲ... ಮತ್ತೆ!

ಎಲ್ಲಿಗೆ ಹೋಗ್ತೀಯ? ಓ, ಬೇರೆ ಕಾರ್ಡಾ. ಚಿಕ್ಕದಿದೆಯಲ್ಲ ಇದು, ಅಂಗೈಯಷ್ಟು! ಇಷ್ಟರಿಂದ ಆಗುತ್ತಾ? ಹೂಂ, ನೀನು ತಲೆ ಅಲ್ಲಾಡಿಸಿದ್ರೆ ಆಯ್ತು. ದೊಡ್ಡದನ್ನ ನೀನೇ ಇಟ್ಕೋ, ಬದಲಿಗೆ. ಯಾರಿಗಾದ್ರೂ ಆಗುತ್ತೆ. ಕಂಪ್ಯೂಟರ್ ಸಣ್ಣದು ಅಂದ್ಮೇಲೆ ಕಾರ್ಡೂ ಸಣ್ಣದು ಬೇಕು ಅಂತ ನಮ್ಮ ತಲೆಗೆ ಹೊಳೀಬೇಕಲ್ಲ... ಆ ತಗಡಿನ ಪಟ್ಟಿ ಯಾಕೆ ಬಿಚ್ಚಿದೆ? ಹಾಂ, ಹಾಂ, ಉದ್ದದ್ದು ತೆಗೆದು ಗಿಡ್ಡದ್ದು ಹಾಕೋದು. ಈಗ ಮುಚ್ಚಳ ಬೀಳುತ್ತೆ. ನೋಡು, ಇಷ್ಟೇ ವಿಷಯ. ಮೂರು ದಿನ ನಾನು ಗೋಡೆಗೆ ತಲೆ ಚಚ್ಕೊಂಡೆ.

ಸ್ಕ್ರೂ ಎಲ್ಲಾ ಬಟ್ಟಲಿಗೆ ಹಾಕ್ತೀಯಲ್ಲ ಒಂದೊಂದೇ... ಡಿಪೋದಲ್ಲೂ ಹಾಗೇ ಮಾಡ್ತಿದ್ದೆ. ಉಳಿದವರು ನೆಲದ ಮೇಲೆ ಚೆಲ್ಲಿ ಆಮೇಲೆ ಹುಡುಕೋರು. ನೀನು ಮಾತ್ರ ಟಿಫಿನ್ ಡಬ್ಬಿ ಮುಚ್ಚಳದಲ್ಲಿ ಜೋಡಿಸಿಡ್ತಿದ್ದೆ. ಬ್ರೇಕ್ ಡ್ರಮ್ಮಿಗೆ ತಟ್ಟಿ, ಕಿವಿ ಕೊಟ್ಟು ಕೇಳೋನು ನೀನೊಬ್ಬನೇ. ಅದಕ್ಕೇ ಪೇಪರಿನವನೂ ಹೇಳಿದ, 'ಮೇಸ್ತ್ರಿ ಕೈಯಿಟ್ರೆ ಕೆಟ್ಟದ್ದು ಉಳಿಯಲ್ಲ, ನೆಟ್ಟಗೆ ಅವರ ಅಂಗಡಿಗೇ...'

...

ಯಾಕೆ ನಿಲ್ಲಿಸಿದೆ? ಹಾಕು, ಹಾಕು. ಕಾರ್ಡ್ ಕೈಯಲ್ಲೇ ಇದೆಯಲ್ಲ.

ಹೂಂ. ಅವನೇ. ಅಂಚೆ ಕಚೇರಿ ತಿರುವಿನ ಪೇಪರಿನವನು. ಇನ್ಯಾವ ಪೇಪರಿನವನು ಇದ್ದಾನೆ ನಮ್ಮಿಬ್ಬರಿಗೂ... ಸರಿ, ಸುಳ್ಳು ಹೇಳಿದೆ. ಗೊತ್ತಿತ್ತು. ನಿನ್ನ ಅಂಗಡಿ ಅಂತ ಗೊತ್ತಿದ್ದೇ ಬಂದೆ. ಈ ಬೀದಿ ಶುರುವಿನಲ್ಲೇ ಎರಡು ರಿಪೇರಿ ಅಂಗಡಿ ದಾಟಿ ಬಂದೆ. ನಿನ್ನೆಯೂ ಬಂದಿದ್ದೆ, ಎದುರಿನ ಔಷಧಿ ಅಂಗಡಿ ಹತ್ರ ನಿಂತು, ತಲೆನೋವಿನ ಮಾತ್ರೆ ತಗೊಂಡು ವಾಪಸ್ ಹೋದೆ.

ಹೋದ ತಿಂಗಳು ಅವನ ಹತ್ರ ಹೋಗಿದ್ದೆ. ಹೋಗಿದ್ದೆ ಅಂದ್ರೆ... ಆ ದಾರೀಲಿ ನಾನು ನಡೆಯೋದೇ ಇಲ್ಲ, ಸುತ್ತು ಹಾಕ್ಕೊಂಡು ಹೋಗ್ತೀನಿ. ಅವತ್ತು ರಸ್ತೆ ಅಗೆದಿದ್ರು, ಬೇರೆ ದಾರಿ ಇರಲಿಲ್ಲ. ಅವನೇ ಕೂಗಿದ, 'ಡ್ರೈವರಣ್ಣ!' ಅಂತ. ಈಗ ಸಣ್ಣದೊಂದು ಪೆಟ್ಟಿಗೆ ಅಂಗಡಿ ಇಟ್ಟಿದ್ದಾನಲ್ಲ. ಕೂತಲ್ಲಿಂದಲೇ ಎಲ್ಲಾ ಕೈಗೆ ಸಿಗೋ ಹಾಗೆ ಮಾಡ್ಕೊಂಡಿದ್ದಾನೆ. ಒಂದು ಪೇಪರ್ ಕೊಟ್ಟ, ದುಡ್ಡು ಬೇಡ ಅಂದ. ನನಗೆ! ಕಾಲು ಕಳ್ಕೊಂಡವನು, ಬಸ್ ಓಡಿಸ್ತಿದ್ದವನಿಗೆ! 'ನಿಮ್ಮದೇನು ತಪ್ಪು ಅಣ್ಣಾ, ಬ್ರೇಕ್ ಹಿಡೀಲಿಲ್ಲ, ನೀವೇನು ಮಾಡ್ತೀರಿ' ಅಂದ. ಆಮೇಲೆ... ಆಮೇಲೆ ನಿನ್ನ ವಿಷಯ ತೆಗೆದ.

ನೀನು ಹೋಗ್ತೀಯಂತೆ. ಪ್ರತಿ ವರ್ಷ, ಅಪಘಾತ ಆದ ದಿನವೇ. ಕ್ಷಮೆ ಕೇಳ್ತೀಯಂತೆ. ಅವನ ಕುರ್ಚಿಗೆ ಚಕ್ರ ಕೂರಿಸಿಕೊಟ್ಟದ್ದೂ ನೀನೇ ಅಂತೆ. 'ಬೇಡ ಮೇಸ್ತ್ರಿ, ಆದದ್ದಾಯ್ತು ಅಂದ್ರೂ ಕೇಳಲ್ಲ. ಅವತ್ತು ಬೆಳಿಗ್ಗೆ ಏನೋ ಒಂದು ನನ್ನ ಕಣ್ಣು ತಪ್ಪಿರಬೇಕು ಅಂತಾರೆ, ಕಣ್ಣಲ್ಲಿ ನೀರು ಹಾಕ್ತಾರೆ' ಅಂದ.

ಕಾರ್ಡ್ ಹಾಕು ಮಾರಾಯ. ಮಾತು ಆಮೇಲೆ.

...ಆಹಾ. ಎರಡು ಹೆಬ್ಬೆರಳೂ ಒಂದೇ ಸಮ ಒತ್ತೋದು. ನಾನು ಒಂದೇ ಕಡೆ ಒತ್ತಿದ್ದೆ. ಕೂತಿತಾ? ಸದ್ದೇ ಬರಲಿಲ್ಲ... ಓ, ಸದ್ದು ಬರೋ ಕೊಕ್ಕೆ ನಾನು ಮುರಿದೆನಲ್ಲ. ಬೇರೆ ಕರೆಂಟ್ ವೈರು ಬೇಡವಾ ಇದಕ್ಕೆ? ಕೂತ ಜಾಗದಿಂದಲೇ ತಗೊಳ್ಳುತ್ತಾ! ಜಾಣ ಕಾರ್ಡು. ಮಾನಿಟರ್ ವೈರು ಹಿಂದೆ ಕಾರ್ಡಿಗೇ ಚುಚ್ಚಬೇಕಾ, ಹಳೇ ಕಡೆ ಅಲ್ಲವಾ? ಸರಿ, ನೆನಪಿಟ್ಕೋತೀನಿ. ಎಲ್ಲಿ, ಯಾವ ಸ್ಕ್ರೀನು? ಎದುರು ಗೋಡೇದಾ? ಮನೆ ಟೀವಿಯಷ್ಟೇ ದೂರ ಇದೆ, ಒಳ್ಳೇದೇ ಆಯ್ತು.

ಬಂತು! ಬಂತು ನೋಡು, ಬೆಳಕು ಬಂತು! ಆಟ ಶುರು ಮಾಡು. ಆ ನೀಲಿ ಬಸ್ಸಿನ ಚಿತ್ರ ಒತ್ತು... ನೀನೇ ಓಡಿಸ್ತೀಯಾ? ಕೀಬೋರ್ಡಲ್ಲಾ? ಓಡಿಸು, ಓಡಿಸು. ಅಬ್ಬಾ, ಏನು ನಯವಾಗಿ ಓಡ್ತಿದೆಯೋ! ತಡೆದು ತಡೆದು ಹೋಗ್ತಿತ್ತು, ಈಗ ಎಣ್ಣೆ ಸುರಿದ ಹಾಗೆ...

ಆದ್ರೂ... ಹೇಳಲಾ? ಬೇಜಾರು ಮಾಡ್ಕೋಬೇಡ. ಮಸುಕು ಹೋಗಿಲ್ಲ ಮೇಸ್ತ್ರಿ. ಓಟ ಸರಿ ಆಯ್ತು, ಚಿತ್ರ ಹಾಗೇ ಇದೆ. ಮರ ಎಲ್ಲಾ ಹಸಿರು ಮುದ್ದೆ. ಈ ಕಾರ್ಡ್ ಸ್ವಲ್ಪ ಚಿಕ್ಕದಾಯ್ತೇನೋ. ಅಥವಾ ಹಳೇದೇನೋ. ಇನ್ನೊಂದು ಇದ್ರೆ...

ಯಾವ ಬೋರ್ಡು? ಆ ಸ್ಟಾಪಿನದಾ? ಕಾಣುತ್ತೆ ಕಣೋ, ಬೋರ್ಡ್ ಕಾಣದೆ ಏನು. ಬಿಳೀದು. ಅದರ ಮೇಲೆ... 'ಬಸ್ ನಿಲ್ದಾಣ' ಅಂತಿದೆ. ಇನ್ನೇನಿರುತ್ತೆ ಬಸ್ ಸ್ಟಾಪಲ್ಲಿ.

...ಅಲ್ಲವಾ?

ಹಾಗಾದ್ರೆ ಕಾರ್ಡೇ ಸರಿ ಇಲ್ಲ. ನೋಡು, ನಿನಗೂ ಓದೋಕಾಗ್ತಿಲ್ಲ ತಾನೇ... ಆಗ್ತಿದೆಯಾ? ಅಲ್ಲಿಂದಲೇ?

ಏ, ಏ, ಏನು ಮಾಡ್ತಿದ್ದೀಯ, ಸ್ಟೂಲ್ ಯಾಕೆ ತಳ್ತೀಯ? ಬೀಳ್ತೀನಿ ಕಣೋ! ನಿಧಾನ... ಎಲ್ಲಿಗೆ? ಸ್ಕ್ರೀನಿಗೆ ಮೂಗು ತಾಗಿಸ್ತೀಯಾ ಏನು...

...

ಕಾಣ್ತಿದೆ.

ಎಲೆ ಎಲೆ ಬೇರೆ ಬೇರೆ ಕಾಣ್ತಿದೆ. 'ಆಸ್ಪತ್ರೆ ರಸ್ತೆ. ನಿಧಾನವಾಗಿ ಚಲಿಸಿ.' ಚೆನ್ನಾಗಿದೆ. ತುಂಬ ಚೆನ್ನಾಗಿದೆ ಚಿತ್ರ. ಸಾಕು ಬಿಡು, ಕಾರ್ಡ್ ಸರಿಯಾಗಿದೆ, ಒಪ್ಪಿದೆ. ಬೇಡ... ಹಿಂದಕ್ಕೆ ಎಳೀಬೇಡ. ಮೇಸ್ತ್ರಿ, ಬೇಡ ಅಂದೆನಲ್ಲ. ಹಿಂದಕ್ಕೆ ಎಳೀಬೇಡ್ವೋ...

...

ಹೂಂ. ಮಸುಕು.

ಬೆನ್ನ ಹಿಂದೆ ಯಾಕೆ ನಿಂತೆ, ಮುಂದೆ ಬಾ. ವಯಸ್ಸಾಯ್ತಲ್ಲಪ್ಪ, ಅರವತ್ಮೂರು. ಎಲ್ಲರಿಗೂ ಬರೋದೇ. ಈಚೀಚೆಗೆ ಸ್ವಲ್ಪ... ಹೋದ ವರ್ಷದಿಂದ... ಕನ್ನಡಕ ಮಾಡಿಸ್ಕೋಬೇಕು ಅಂತಾನೇ ಇದ್ದೆ. ಇವಳೂ ಹೇಳ್ತಾ ಇರ್ತಾಳೆ. ನಾಳೆ ನಾಳಿದ್ದು ಅಂತ ಮುಂದಕ್ಕೆ ಹೋಯ್ತು.

ಹೋದ ವರ್ಷದಿಂದ ಅಂದೆನಲ್ಲ.

...

ನಿನ್ನ ಕೈ ತೆಗಿ ನನ್ನ ಭುಜದಿಂದ. ತೆಗಿ. ಬಯ್ಯೋದಾದ್ರೆ ಬಯ್ಯಿ, ಹೀಗೆ ಹಗುರವಾಗಿ ಕೈಯಿಡಬೇಡ.

ಹನ್ನೊಂದು ವರ್ಷ ಆಯ್ತು ಕಣೋ. ಅಪಘಾತಕ್ಕೂ ಎರಡು ವರ್ಷ ಮೊದಲಿಂದ. ಶುರುವಿನಲ್ಲಿ ಸಂಜೆ ಹೊತ್ತು ಮಾತ್ರ, ಆಮೇಲೆ ಹಗಲೂ. ಹತ್ತಿರದ್ದೆಲ್ಲ ಸರಿ, ದೂರದ್ದು ಒರೆಸಿದ ಹಾಗೆ. ಡ್ರೈವರ್ ಕಣ್ಣಿಗೆ ಕನ್ನಡಕ ಬಂತು ಅಂದ್ರೆ ನಮ್ಮ ಡಿಪೋದಲ್ಲಿ ಏನಾಗ್ತಿತ್ತು, ನಿನಗೇ ಗೊತ್ತು. ಸ್ಟಿಯರಿಂಗಿಂದ ಇಳಿಸಿ ಟಿಕೆಟ್ ಕೌಂಟರಿಗೆ ಹಾಕೋರು. ಯೂನಿಫಾರ್ಮ್ ಹಾಕ್ಕೊಂಡು, ಬಾಗಿಲು ಧಡ್ ಅಂತ ಎಳ್ಕೊಂಡು ಮೇಲೆ ಹತ್ತಿ ಕೂತಾಗ ನಾನು ಯಾರೋ ಆಗ್ತಿದ್ದೆ ಕಣೋ. ಕೆಳಗಿಳಿದ್ರೆ ಯಾರೂ ಅಲ್ಲ. ಅದನ್ನ ಬಿಡೋಕೆ ಮನಸ್ಸು ಬರಲಿಲ್ಲ. ಅಷ್ಟೇ. ಬೇರೆ ದೊಡ್ಡ ಕಾರಣ ಏನಾದ್ರೂ ಇದ್ದಿದ್ರೆ ಹೇಳ್ಕೊಳ್ಳೋಕಾದ್ರೂ ಆಗ್ತಿತ್ತು.

ಡಾಕ್ಟರ್ ಪರೀಕ್ಷೆ? ಪಾಸ್ ಮಾಡಿದೆ. ಎರಡು ಸಲ. ಕಣ್ಣಿನ ಚಾರ್ಟು ಗೋಡೇಲಿ ನೇತಾಡ್ತಿತ್ತಲ್ಲ, ಸರದಿಗೆ ಕಾಯ್ತಾ ಅದರ ಪಕ್ಕದಲ್ಲೇ ನಿಂತು ಬಾಯಿಪಾಠ ಮಾಡ್ಕೊಂಡೆ. ಕೊನೇ ಸಾಲು ರ, ಠ, ಗ, ಪ, ಲ. ಅದರ ಮೇಲಿನದು ನ, ಒ, ಚ, ದ. ಎಡಗಣ್ಣು ಮುಚ್ಚಿ ಅಂದ್ರೆ ಎಡಗಣ್ಣು ಮುಚ್ಚಿದೆ, ಹಾಡಿನ ಹಾಗೆ ಒಪ್ಪಿಸಿದೆ. ಡಾಕ್ಟರು 'ಹದ್ದಿನ ಕಣ್ಣು' ಅಂತ ಬೆನ್ನು ತಟ್ಟಿದ್ರು. ನಾನು ನಗ್ತಾ ಹೊರಗೆ ಬಂದೆ.

ಅವತ್ತು ಮಂಜಿರಲಿಲ್ಲ, ಮಳೆ ಇರಲಿಲ್ಲ. ಹತ್ತೂವರೆ ಗಂಟೆ, ಬಿಸಿಲು. ಅಂಚೆ ಕಚೇರಿ ಗೋಡೆ ಹತ್ರ ಏನೋ ಕಪ್ಪಗೆ ನಿಂತಿತ್ತು. ಕಂಬ ಅಂದ್ಕೊಂಡೆ. ಕಂಬ ತಾನೇ, ಪಕ್ಕದಲ್ಲಿ ಹಾದು ಹೋಗುತ್ತೆ ಅಂತ ತಿರುಗಿಸಿದೆ.

ಕಂಬ ಕೈ ಎತ್ತಿತು.

ಪೇಪರ್ ಕಟ್ಟು ಎತ್ತಿ ಬೀಸಿದ ಕಣೋ, ನಿಲ್ಲಿಸು ಅಂತ. ಆಗ ಗೊತ್ತಾಯ್ತು ಮನುಷ್ಯ ಅಂತ. ಗೊತ್ತಾದ್ಮೇಲೂ ಕಾಲು... ಕಾಲು ಬ್ರೇಕಿಗೆ ಹೋಗಲೇ ಇಲ್ಲ. ಹೋಗೋಷ್ಟು ಹೊತ್ತಿರಲಿಲ್ಲ. ಅವನನ್ನ ತಳ್ಳಿ, ಗೋಡೆಗೆ ನುಗ್ಗಿ ನಿಂತಿತು ಬಸ್ಸು. ಗೋಡೆ ನಿಲ್ಲಿಸಿದ್ದು, ನಾನಲ್ಲ.

ಮುಂದೆಲ್ಲ ಜಜ್ಜಿ ಹೋಗಿತ್ತು. ಕೆಳಗೆ ಬ್ರೇಕ್ ಎಣ್ಣೆ ಸೋರ್ತಿತ್ತು. ಪೈಪು ಗುದ್ದಿದಾಗ ಹರಿದದ್ದೋ, ಮೊದಲೇ ಹರಿದಿತ್ತೋ, ಹೇಳೋಕೆ ಯಾರಿಂದಲೂ ಸಾಧ್ಯ ಇರಲಿಲ್ಲ. ಜನ ಸೇರಿದ್ರು. ಯಾರೋ ಒಬ್ಬರು, 'ಬ್ರೇಕ್ ಹಿಡೀಲಿಲ್ವೇನ್ರೀ?' ಅಂತ ಕೇಳಿದ್ರು. ನಾನು ಹೂಂ ಅಂದೆ. ಅಷ್ಟೇ ಮೇಸ್ತ್ರಿ, ಒಂದು ಹೂಂ. ಮಾತು ಕೂಡ ನನ್ನದಲ್ಲ, ಬೇರೆಯವರು ಬಾಯಿಗಿಟ್ಟದ್ದು. ವಿಚಾರಣೆ ದಿನ ಅದನ್ನೇ ನನ್ನದು ಮಾಡ್ಕೊಂಡು ಹೇಳಿದೆ, ಬ್ರೇಕ್ ಹಿಡೀಲಿಲ್ಲ ಅಂತ. ಹಿಡೀದೇ ಇದ್ದವನು ನಾನು. ಅವರು ಬಸ್ಸಿನದ್ದು ಅಂದ್ಕೊಂಡು ಬರ್ಕೊಂಡ್ರು.

ನೀನು ಎದುರಿನ ಬೆಂಚಲ್ಲಿ ಕೂತಿದ್ದೆ. 'ಬೆಳಿಗ್ಗೆ ನಾನೇ ನೋಡಿದ್ದೀನಿ, ಸರಿ ಇತ್ತು' ಅಂತ ಮೊದಲು ಗಟ್ಟಿಯಾಗಿ ಅಂದೆ. ಆಮೇಲೆ ನನ್ನ ಕಡೆ ತಿರುಗಿದೆ. ಇವನು ಸುಳ್ಳು ಹೇಳೋನಲ್ಲ ಅಂತ ನಂಬಿದ್ದೆ ನೀನು, ಅಲ್ವಾ? ಎರಡನೇ ಸಲ ಕೇಳಿದಾಗ ನಿನ್ನ ಧ್ವನಿ ಇಳೀತು. 'ನೋಡಿದ ನೆನಪು' ಅಂದೆ. ಮೂರನೇ ಸಲ ಮಾತಾಡಲೇ ಇಲ್ಲ. ನಿನ್ನನ್ನ ಕೆಲಸದಿಂದ ತೆಗೆದದ್ದು ಅವರು, ನಿಜ. ಆದ್ರೆ ಆ ಧ್ವನಿ ಇಳೀತಲ್ಲ... ಅದನ್ನ ಇಳಿಸಿದ್ದು ನಾನು. ನೋಡ್ತಾ ಕೂತಿದ್ದೆ.

ಆಮೇಲೆ ನಾನೇ ಕೇಳ್ಕೊಂಡು ಕೌಂಟರಿಗೆ ಹೋದೆ, ಇನ್ನು ಸ್ಟಿಯರಿಂಗ್ ಮುಟ್ಟಲ್ಲ ಅಂದೆ. 'ಪಾಪ, ಎಷ್ಟು ನೊಂದುಕೊಂಡಿದ್ದಾನೆ, ಎಂಥ ಮನುಷ್ಯ' ಅಂದ್ರು ಎಲ್ಲಾ. ಕನ್ನಡಕ ಮಾತ್ರ ಹಾಕ್ಕೊಳ್ಳಲಿಲ್ಲ. ಹಾಕ್ಕೊಂಡ್ರೆ 'ಯಾವಾಗಿಂದ' ಅಂತ ಕೇಳ್ತಾರಲ್ಲ. ಒಂಬತ್ತು ವರ್ಷ ಹೆಂಡತಿ ಮುಖ ಕೂಡ ಕೋಣೆ ಆ ಕಡೆಯಿಂದ ಸರಿಯಾಗಿ ನೋಡಿಲ್ಲ ನಾನು. ನಗ್ತಿದ್ದಾಳೋ ಸಿಟ್ಟಾಗಿದ್ದಾಳೋ ಧ್ವನಿ ಕೇಳಿಯೇ ತಿಳ್ಕೊಳ್ಳೋದು.

ಈ ಡಬ್ಬ ಬಂದ್ಮೇಲೆ ಒಂದು ಹುಚ್ಚು ಆಸೆ ಹುಟ್ಟಿತು. ಮಗಳು ಹೇಳಿದಳಲ್ಲ, ಕಾರ್ಡ್ ಇಲ್ಲದ್ದಕ್ಕೇ ಮಸುಕು ಅಂತ. ಅರ್ಧ ನಂಬಿಬಿಟ್ಟೆ! ಕಣ್ಣು ಕೆಟ್ಟೇ ಇಲ್ಲವೇನೋ, ಅವತ್ತೂ ಕೆಟ್ಟಿರಲಿಲ್ಲವೇನೋ ಅಂತ... ಮನುಷ್ಯ ಯಾವುದಕ್ಕೆ ಬೇಕಾದ್ರೂ ಜೋತುಬೀಳ್ತಾನೆ ನೋಡು. ಉಳಿದರ್ಧ ನಿನ್ನ ಹತ್ರ ಕರ್ಕೊಂಡು ಬಂತು. ಎಲ್ಲಾ ಹೇಳಿಬಿಡಬೇಕು ಅಂತಾನೇ ಬಂದೆ. ಬಾಗಿಲಲ್ಲಿ ನಿನ್ನ ಕಂಡ ಕೂಡಲೇ 'ನಿನ್ನ ಅಂಗಡಿ ಅಂತ ಗೊತ್ತೇ ಇರಲಿಲ್ಲ' ಅಂತ ಬಾಯಿಗೆ ಬಂತು. ಇವತ್ತೂ ಕಾರ್ಡಿನ ಮೇಲೆ ಹಾಕೋಕೆ ನೋಡಿದೆ. ನೀನು ತಳ್ಳದೇ ಇದ್ದಿದ್ರೆ ಹಾಗೇ ಎದ್ದು ಹೋಗ್ತಿದ್ದೆ.

ಕೇಳಿಸ್ಕೊಂಡೆಯಾ ಮೇಸ್ತ್ರಿ? ಬ್ರೇಕ್ ಸರಿಯಾಗಿತ್ತು. ನಿನ್ನ ಕಣ್ಣು ಏನೂ ತಪ್ಪಿರಲಿಲ್ಲ. ಒಂದು ನಟ್ಟೂ ಸಡಿಲ ಇರಲಿಲ್ಲ.

...

ಮೇಸ್ತ್ರಿ?

ಯಾಕೆ ನೆಲದ ಮೇಲೆ ಕೂತೆ? ಎದೆಗಿದೆ ನೋಯ್ತಿದೆಯಾ? ನೀರು ಕೊಡಲಾ? ...ಯಾಕೋ ಕೈ ಹಾಗೆ ನೋಡ್ಕೊಳ್ತಿದ್ದೀಯ? ಹಿಂದೆ, ಮುಂದೆ, ತಿರುಗಿಸಿ ತಿರುಗಿಸಿ... ನನ್ನ ಕಡೆ ನೋಡು. ಬಯ್ಯಿ. ಒಂದು ಏಟು ಹಾಕು, ತಿಂತೀನಿ. ಕೈ ನೋಡ್ಕೋಬೇಡ್ವೋ, ನನಗೆ ನೋಡೋಕಾಗ್ತಿಲ್ಲ.

ಎಲ್ಲಿಗೆ ಹೊರಟೆ? ಶಟರ್ ಯಾಕೆ ಎಳೀತಿದ್ದೀಯ, ಇನ್ನೂ ಮೂರು ಗಂಟೆ... ಅಂಚೆ ಕಚೇರಿ ಕಡೆಗಾ? ಈಗಲೇನಾ? ನಾಳೆ ಹೋಗೋಣ ಅಂದ್ರೆ... ಇಲ್ಲ. ಇಲ್ಲ, ನಾಳೆ ಅನ್ನಲ್ಲ. ಬಂದೆ.

ನೀನು ಮುಂದೆ ನಡಿ. ಅವನ ಎದುರಿಗೆ ನಾನೇ ಹೇಳ್ತೀನಿ, ನೀನು ಬಾಯಿ ತೆರೀಬೇಡ. ನಾನು ತಡವರಿಸಿದ್ರೆ ಮಾತ್ರ... ಹೀಗೇ, ಈಗ ನಿಂತ ಹಾಗೆ, ಸುಮ್ಮನೆ ಪಕ್ಕದಲ್ಲಿ ನಿಂತಿರು.